ಅಗ್ರಪೀಠದ ಲೆಕ್ಕಾಚಾರ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಬ್ರಿಟನ್ನಿನ ಮನೆಗಳಲ್ಲಿ ಭಾನುವಾರದ ಸಂಜೆಗೆ ಒಂದು ವಿಶೇಷವಿತ್ತು. ಹಿರಿಯರು ಚಹದ ಬಟ್ಟಲು ಹಿಡಿದು ಕುಳಿತಿರುವಾಗ ಮನೆಯ ಹುಡುಗ ಹುಡುಗಿಯರು ರೇಡಿಯೋವನ್ನು ಮುತ್ತಿಕೊಳ್ಳುತ್ತಿದ್ದರು. ಬಿ.ಬಿ.ಸಿ.ಯ ‘ರೇಡಿಯೋ ಒಂದು’ ಕೇಂದ್ರವು ಆ ವಾರದ ನಲವತ್ತು ಜನಪ್ರಿಯ ಹಾಡುಗಳ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಏರುತ್ತ ಬಿತ್ತರಿಸುತ್ತಿತ್ತು. ಮೆಚ್ಚಿದ ಹಾಡು ಬರುತ್ತಲೇ ಟೇಪ್ ರೆಕಾರ್ಡರಿನ ಗುಂಡಿ ಒತ್ತಲು ಬೆರಳುಗಳು ಸಿದ್ಧವಾಗಿರುತ್ತಿದ್ದವು. ಪಟ್ಟಿಯ ಸಮಾಚಾರವೇನೋ ಮಂಗಳವಾರ ಮಧ್ಯಾಹ್ನವೇ ಹೊರಬಿದ್ದಿರುತ್ತಿತ್ತು. ಗುರುವಾರ ರಾತ್ರಿ ‘ಟಾಪ್ ಆಫ್ ದಿ ಪಾಪ್ಸ್’ ಎಂಬ ಟೆಲಿವಿಷನ್ ಕಾರ್ಯಕ್ರಮದಲ್ಲಿ ಗಾಯಕರ ಮುಖದರ್ಶನವೂ ಆಗಿರುತ್ತಿತ್ತು. ಆದರೂ ಭಾನುವಾರದ ಕುತೂಹಲ ಮಾತ್ರ ತಗ್ಗುತ್ತಿರಲಿಲ್ಲ. ಮೊದಲನೆಯ ಸ್ಥಾನ ಯಾರದು? ಮರುದಿನ ಶಾಲೆಯ ಅಂಗಳದಲ್ಲಿ ನಡೆಯಬೇಕಾದ ವಾದವಿವಾದಗಳೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ.

ಈ ಪಟ್ಟಿ ಎಣಿಸುತ್ತಿದ್ದ ವಸ್ತುವಿಗೆ ‘ಸಿಂಗಲ್’ ಎಂದು ಹೆಸರು. ಏಳಂಗುಲ ಅಗಲದ, ನಿಮಿಷಕ್ಕೆ ೪೫ ಸುತ್ತು ತಿರುಗುವ, ಮುಖಕ್ಕೊಂದರಂತೆ ಎರಡು ಹಾಡುಗಳನ್ನು ಹೊತ್ತ ಗ್ರಾಮಫೋನ್ ತಟ್ಟೆಯದು. ಬೆಲೆ ಒಂದು ಪೌಂಡು ಮತ್ತು ಚಿಲ್ಲರೆ. ಶಾಲೆಗೆ ಹೋಗುವ ಮಕ್ಕಳು ಕೂಡ ಕೈಖರ್ಚಿನ ಹಣವನ್ನು ಒಂದೆರಡು ವಾರ ಉಳಿಸಿದರೆ ಕೊಳ್ಳಬಹುದಾಗಿತ್ತು. ೧೯೭೯ರ ಒಂದೇ ವರ್ಷದಲ್ಲಿ ಆ ದೇಶದಲ್ಲಿ ಒಂಬತ್ತು ಕೋಟಿಗೆ ಸಮೀಪದಷ್ಟು ಸಿಂಗಲ್‌ಗಳು ಮಾರಾಟವಾದವೆಂದರೆ ಈ ಪುಟ್ಟ ತಟ್ಟೆಯ ಪ್ರತಾಪ ಊಹೆಗೆ ಬಂದೀತು.

ಇಷ್ಟು ಕೋಟಿ ತಟ್ಟೆಗಳಲ್ಲಿ ಯಾವುದು ಎಷ್ಟು ಹೋಯಿತೆಂದು ವಾರವಾರವೂ ಎಣಿಸುತ್ತಿದ್ದವರು ಯಾರು? ಎಣಿಸುತ್ತಿದ್ದುದು ಹೇಗೆ? ಆ ಎಣಿಕೆಯನ್ನು ನಂಬಬಹುದಾಗಿತ್ತೆ? ಹಾಡಿಗಿಂತ ಹಾಡಿನ ಲೆಕ್ಕದ ಕಥೆಯೇ ಹೆಚ್ಚು ಸ್ವಾರಸ್ಯವಾಗಿದೆ.

* * *

ಈ ಲೆಕ್ಕಕ್ಕೆ ನಾಂದಿ ಹಾಡಿದ್ದು ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಎಂಬ ಸಂಗೀತ ವಾರಪತ್ರಿಕೆ. ೧೯೫೨ರ ನವೆಂಬರಿನಲ್ಲಿ ಆ ಪತ್ರಿಕೆಯ ಪರ್ಸಿ ಡಿಕಿನ್ಸ್ ಎಂಬವರು ಇಪ್ಪತ್ತರಷ್ಟು ಅಂಗಡಿಗಳಿಗೆ ಟೆಲಿಫೋನ್ ಮಾಡಿ, ‘ಈ ವಾರ ಯಾವ ತಟ್ಟೆ ಹೆಚ್ಚು ಹೋಯಿತು?’ ಎಂದು ವಿಚಾರಿಸಿ, ಬಂದ ಉತ್ತರಗಳನ್ನು ಕೂಡಿಸಿ ಪಟ್ಟಿ ಮಾಡಿದರು. ಓದುಗರು ಅದನ್ನು ಬಹುವಾಗಿ ಮೆಚ್ಚಿದರು. ಒಬ್ಬರು ಮಾಡಿದ್ದನ್ನು ನಾಲ್ವರು ಮಾಡದೆ ಬಿಡುವರೆ? ಬೇರೆ ಪತ್ರಿಕೆಗಳೂ ತಮ್ಮ ತಮ್ಮ ಪಟ್ಟಿಗಳನ್ನು ಹೊರಡಿಸತೊಡಗಿದವು. ಒಂದರಲ್ಲಿ ಮೊದಲನೆಯದಾದ ಹಾಡು ಇನ್ನೊಂದರಲ್ಲಿ ಎರಡನೆಯದಾಗುತ್ತಿತ್ತು. ಈ ಗೊಂದಲವನ್ನು ನಿವಾರಿಸಲೆಂದು ೧೯೬೯ರಲ್ಲಿ ಬ್ರಿಟಿಷ್ ಮಾರ್ಕೆಟ್ ರಿಸರ್ಚ್ ಬ್ಯೂರೋ ಎಂಬ ಸಂಸ್ಥೆಗೆ ಎಣಿಕೆಯ ಕೆಲಸವನ್ನು ಒಪ್ಪಿಸಲಾಯಿತು.

ಆ ಸಂಸ್ಥೆಯ ಕ್ರಮ ಹೀಗಿತ್ತು: ದೇಶದಲ್ಲಿದ್ದ ಸುಮಾರು ೬,೦೦೦ ತಟ್ಟೆಯಂಗಡಿಗಳ ಪೈಕಿ ೨೫೦ನ್ನು ಆರಿಸಿಕೊಂಡು, ಅವುಗಳಿಗೆ ಒಂದೊಂದು ದಿನಚರಿ ಪುಸ್ತಕವನ್ನು ಕೊಡುವುದು. ತಟ್ಟೆ ಮಾರಾಟವಾದಾಗಲೆಲ್ಲ ಅಂಗಡಿಯವನು ಅದರ ವಿವರವನ್ನು ಆ ಪುಸ್ತಕದಲ್ಲಿ ಬರೆಯಬೇಕು. ಶನಿವಾರ ಬಾಗಿಲು ಮುಚ್ಚುವ ವೇಳೆಗೆ ವಾರದ ಲೆಕ್ಕ ಮುಗಿಯಬೇಕು. ಪುಸ್ತಕಗಳು ಮೊದಮೊದಲು ಅಂಚೆಯಲ್ಲಿ ಬರುತ್ತಿದ್ದವು. ಅಂಚೆಯನ್ನು ನೆಚ್ಚಿದರೆ ಹೊತ್ತಿಗೆ ಸರಿಯಾಗಿ ಲೆಕ್ಕ ಕೈಸೇರದೆಂದು ಅನುಭವದಿಂದ ತಿಳಿದ ಮೇಲೆ, ೧೯೭೩ರ ಸುಮಾರಿಗೆ ಮೋಟಾರ್ ಸೈಕಲ್ ಸವಾರರು ಊರೂರಿಗೆ ಹೋಗಿ ತರತೊಡಗಿದರು. ಆ ಬರಹವನ್ನೆಲ್ಲ ತೂತು ಕೊರೆದ ರಟ್ಟಿನ ಚೀಟಿಗಳಿಗೆ ಇಳಿಸಿ ಕಂಪ್ಯೂಟರಿಗೆ ಉಣಿಸಲಾಗುತ್ತಿತ್ತು. ಸೋಮವಾರ ಗಣನೆ, ಮಂಗಳವಾರ ಘೋಷಣೆ.

ಅನ್ನ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಪಾತ್ರೆಯ ಅನ್ನವನ್ನೆಲ್ಲ ಹಿಚುಕಿ ನೋಡಬೇಕಾಗಿಲ್ಲ, ಒಂದಗುಳು ಸಾಕು. ಈ ಎಣಿಕೆಯ ತತ್ತ್ವವೂ ಅಡಿಗೆಮನೆಯ ಈ ತತ್ತ್ವವೇ. ಆದರೆ ಅದರಲ್ಲೊಂದು ಅಪಾಯವೂ ಅಡಗಿತ್ತು. ೬,೦೦೦ ಅಂಗಡಿಗಳ ಪರವಾಗಿ ೨೫೦ ಅಂಗಡಿಗಳು ಮಾತನಾಡುವುದೆಂದರೆ, ಒಂದೊಂದು ಅಂಗಡಿಯ ಬಾಯಲ್ಲಿ ೨೪ ಅಂಗಡಿಗಳ ಮಾತು ಇದ್ದಂತಾಯಿತು. ದಿನಚರಿಯಲ್ಲಿ ಗೀಚಿದ ಒಂದು ಸುಳ್ಳು ಸಾಲು ಪಟ್ಟಿಯಲ್ಲಿ ಎರಡು ಡಜನ್ ಸುಳ್ಳುಗಳ ತೂಕ ಪಡೆಯುತ್ತಿತ್ತು. ಲೆಕ್ಕ ಬರೆಯುವ ಕೈ ಶುದ್ಧವಾಗಿರುವವರೆಗೆ ಮಾತ್ರ ಒಂದಗುಳಿನ ಸಾಕ್ಷ್ಯಕ್ಕೆ ಬೆಲೆ.

* * *

ಅಗ್ರಪೀಠದ ಆಸೆ ಬಹು ದೊಡ್ಡದು. ಪಟ್ಟಿಯ ಮೊದಲ ನಲವತ್ತರೊಳಗೆ ಬಂದ ಹಾಡು ರೇಡಿಯೋದಲ್ಲಿ ಕೇಳಿಬರುತ್ತದೆ, ಟೆಲಿವಿಷನ್ನಿನಲ್ಲಿ ಕಾಣಿಸಿಕೊಳ್ಳುತ್ತದೆ. ಕೇಳಿದವರು ಕೊಳ್ಳುತ್ತಾರೆ; ಕೊಂಡದ್ದರಿಂದ ಹಾಡು ಮತ್ತೂ ಮೇಲೇರುತ್ತದೆ. ಪಟ್ಟಿಯಿಂದ ಹೊರಗುಳಿದ ಹಾಡು ಹುಟ್ಟಿದ್ದೇ ಜನರಿಗೆ ತಿಳಿಯುವುದಿಲ್ಲ. ಹೀಗಿರುವಾಗ ಮೊದಲ ಮೆಟ್ಟಿಲಿಗೆ ಹಾಡನ್ನು ಹೇಗಾದರೂ ಎತ್ತಿ ಕೂರಿಸಬೇಕೆಂಬ ದುರಾಸೆ ವ್ಯಾಪಾರಿಗಳಲ್ಲಿ ಹುಟ್ಟಿದ್ದು ಆಶ್ಚರ್ಯವಲ್ಲ. ಲೆಕ್ಕ ಕೊಡುವ ಅಂಗಡಿಗಳು ಯಾವುವೆಂಬುದು ಗುಟ್ಟಾಗಿರಬೇಕಿತ್ತು. ಗುಟ್ಟು ಗುಟ್ಟಾಗಿ ಉಳಿಯಲಿಲ್ಲ. ೧೯೮೦ರಲ್ಲಿ ‘ವರ್ಲ್ಡ್ ಇನ್ ಆಕ್ಷನ್’ ಎಂಬ ಟೆಲಿವಿಷನ್ ವರದಿಯು, ದಿನಚರಿಗಳಲ್ಲಿ ಸುಳ್ಳು ಮಾರಾಟ ಬರೆಯುವಂತೆ ಅಂಗಡಿಯವರಿಗೆ ಆಮಿಷ ಒಡ್ಡಲಾಗುತ್ತಿದ್ದುದನ್ನು ಬಯಲಿಗೆಳೆಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಲೆಕ್ಕ ಕಾಯಬೇಕಾದ ಪುಸ್ತಕವೇ ಲೆಕ್ಕ ಕೆಡಿಸುವ ಸಾಧನವಾಗಿತ್ತು.

ಇದರಿಂದ ನಷ್ಟ ಯಾರಿಗೆ? ಪಟ್ಟಿಯಲ್ಲಿರುವುದು ನಲವತ್ತೇ ಸ್ಥಾನ. ಒಂದು ಸುಳ್ಳು ಹಾಡು ಮೂವತ್ತೆಂಟನೆಯದಾಗಿ ಬಂದು ಕುಳಿತರೆ, ನ್ಯಾಯವಾಗಿ ನಲವತ್ತನೆಯದಾಗಿದ್ದ ಹಾಡು ನಲವತ್ತೊಂದಕ್ಕೆ ಇಳಿಯುತ್ತದೆ. ಅದನ್ನು ಹಾಡಿದವನು ಸಣ್ಣ ಊರೊಂದರ ಬಡ ಹುಡುಗನಿರಬಹುದು. ಅದೇ ಅವನ ಮೊದಲ ತಟ್ಟೆಯೂ ಇರಬಹುದು. ಅಂಕಿ ತಿದ್ದಿದವರಿಗೆ ಅವನ ಮುಖವೇ ಕಾಣದು. ಕಳ್ಳ ಲೆಕ್ಕದಲ್ಲಿ ಕಳೆದುಕೊಂಡವನ ಹೆಸರು ಎಲ್ಲಿಯೂ ದಾಖಲಾಗುವುದಿಲ್ಲ.

೧೯೮೩ರ ಜನವರಿಯಲ್ಲಿ ಎಣಿಕೆಯ ಅಧಿಕಾರ ಕೈ ಬದಲಾಯಿಸಿತು. ಜನಾಭಿಪ್ರಾಯ ಸಂಗ್ರಹಕ್ಕೆ ಹೆಸರಾದ ಗ್ಯಾಲಪ್ ಸಂಸ್ಥೆಯು ಕೈಬರಹದ ದಿನಚರಿಗಳನ್ನು ಕ್ರಮೇಣ ಬಿಡಿಸಿ, ಅಂಗಡಿಗಳಲ್ಲಿ ಯಂತ್ರಗಳನ್ನಿಟ್ಟು ಲೆಕ್ಕ ತರಿಸಿಕೊಳ್ಳುವ ವ್ಯವಸ್ಥೆಯನ್ನು ಆರಂಭಿಸಿತು. ಆದರೆ ಇವರು ಚಾಪೆಯ ಕೆಳಗೆ ತೂರಿದರೆ ಅವರು ರಂಗೋಲಿಯ ಕೆಳಗೆ ತೂರಿದರು. ಸುಳ್ಳು ಬರೆಸುವುದು ಕಷ್ಟವಾದಂತೆ, ನಿಜವಾದ ಗಿರಾಕಿಯಿಂದಲೇ ಒಂದು ಹಾಡನ್ನು ಎರಡು ಮೂರು ಬಾರಿ ಕೊಳ್ಳಿಸುವ ಜಾಣತನಕ್ಕೆ ಬೆಲೆ ಬಂತು. ಏಳಂಗುಲದ ತಟ್ಟೆಯ ಜೊತೆಗೆ ಅದೇ ಹಾಡಿನ ಹನ್ನೆರಡಂಗುಲದ ತಟ್ಟೆ, ಚಿತ್ರ ಮುದ್ರಿಸಿದ ತಟ್ಟೆ, ಬಣ್ಣದ ತಟ್ಟೆ, ಒಂದು ಕೊಂಡರೆ ಇನ್ನೊಂದು ಉಚಿತವೆಂಬ ಜೋಡಿ ತಟ್ಟೆ: ಹೀಗೆ ಬಗೆಬಗೆಯ ಅವತಾರಗಳಾದವು. ‘ಫ್ರಾಂಕಿ ಗೋಸ್ ಟು ಹಾಲಿವುಡ್’ ಎಂಬ ತಂಡದ ‘ಟೂ ಟ್ರೈಬ್ಸ್’ ೧೯೮೪ರಲ್ಲಿ ಒಂಬತ್ತು ವಾರ ಅಗ್ರಪೀಠದಲ್ಲಿತ್ತು. ಆ ಅವಧಿಯಲ್ಲಿ ಅದರ ಹೊಸ ಹೊಸ ರೂಪಗಳು ಒಂದರ ಹಿಂದೊಂದರಂತೆ ಅಂಗಡಿಗೆ ಬರುತ್ತಲೇ ಇದ್ದವು. ಇದು ವಂಚನೆಯಲ್ಲ, ವ್ಯಾಪಾರ. ಅಭಿಮಾನಿಯ ಜೇಬಿಗೆ ಮಾತ್ರ ಎರಡಕ್ಕೂ ಅಂತರ ತಿಳಿಯುತ್ತಿರಲಿಲ್ಲ.

* * *

ಲೆಕ್ಕ ಪ್ರಾಮಾಣಿಕವೇ ಆಗಿದ್ದರೂ ಪಟ್ಟಿ ಹೇಳುವ ಮಾತನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕಾಗುತ್ತದೆ. ಪಟ್ಟಿ ಹೇಳುವುದು ಸ್ಥಾನವನ್ನು, ಮೊತ್ತವನ್ನಲ್ಲ. ಆ ಏಳು ದಿನಗಳಲ್ಲಿ ಉಳಿದವಕ್ಕಿಂತ ಹೆಚ್ಚು ಹೋದದ್ದು ಯಾವುದೆಂದಷ್ಟೇ ಅದು ತಿಳಿಸುತ್ತದೆ. ಎಷ್ಟು ಹೆಚ್ಚು ಹೋಯಿತು, ಎಷ್ಟು ಕಾಲ ಹೋಗುತ್ತಲೇ ಇತ್ತು ಎಂಬುದು ಆ ಒಂದು ಅಂಕಿಯಲ್ಲಿ ಕಾಣಿಸದು. ಕ್ರಿಸ್‌ಮಸ್ ಹಬ್ಬದ ವಾರದಲ್ಲಿ ಉಡುಗೊರೆಗೆಂದು ಊರೆಲ್ಲ ತಟ್ಟೆ ಕೊಳ್ಳುವಾಗ ಎರಡನೆಯದಾಗಿ ನಿಂತ ಹಾಡು, ಹಬ್ಬದ ಖರ್ಚು ಕಳೆದು ಜೇಬು ಬರಿದಾದ ದಿನಗಳಲ್ಲಿ ಮೊದಲನೆಯದಾದ ಹಾಡಿಗಿಂತ ಹೆಚ್ಚು ಮಾರಾಟವಾಗಿರಬಹುದು. ಆದರೂ ಚರಿತ್ರೆಯಲ್ಲಿ ಒಂದಕ್ಕೆ ಕಿರೀಟ, ಇನ್ನೊಂದಕ್ಕೆ ಬರಿಯ ನಮಸ್ಕಾರ.

ಕೊಳ್ಳುವವರ ಮನಸ್ಸು ಆಯಾ ವಾರ ಎತ್ತ ಹರಿಯುವುದೆಂದು ಹೇಳಬಲ್ಲವರೂ ಇರಲಿಲ್ಲ. ೧೯೮೦ರ ಡಿಸೆಂಬರ್ ೮ರಂದು ನ್ಯೂಯಾರ್ಕಿನಲ್ಲಿ ಜಾನ್ ಲೆನನ್ ಗುಂಡೇಟಿಗೆ ಬಲಿಯಾದರು. ಪಟ್ಟಿಯಲ್ಲಿ ಇಳಿಮುಖವಾಗಿದ್ದ ಅವರ ಹಾಡು ಅದೇ ತಿಂಗಳು ಮೊದಲನೆಯ ಸ್ಥಾನಕ್ಕೆ ಬಂತು. ಕ್ರಿಸ್‌ಮಸ್ ವಾರದಲ್ಲಿ ಆ ಪೀಠವನ್ನು ಆಕ್ರಮಿಸಿದ್ದು ಅಜ್ಜಿಯನ್ನು ಕುರಿತು ಹಾಡಿದ ಒಂದು ಶಾಲೆಯ ಮಕ್ಕಳ ವೃಂದ! ಹೊಸ ವರ್ಷದ ಜನವರಿಯಲ್ಲಿ ಲೆನನ್ನರ ‘ಇಮ್ಯಾಜಿನ್’ ನಾಲ್ಕು ವಾರ, ಬಳಿಕ ಅವರದೇ ‘ವುಮನ್’ ಎರಡು ವಾರ ಮೇಲಿದ್ದವು. ಅಂಗಡಿಯ ದಿನಚರಿಯಲ್ಲಿ ಒಂದು ದೇಶದ ದುಃಖವೂ ಲೆಕ್ಕಕ್ಕೆ ಸಿಕ್ಕಿತ್ತು. ಮೊಮ್ಮಕ್ಕಳ ಅಕ್ಕರೆಯೂ ಸಿಕ್ಕಿತ್ತು.

ಭಾರತದ ನೆರಳೂ ಪಟ್ಟಿಯ ಮೇಲೆ ಆಗೀಗ ಬೀಳುತ್ತಿತ್ತು. ದಕ್ಷಿಣ ಭಾರತೀಯ ಮನೆತನದ ತರುಣಿ, ಲಂಡನ್ನಿನಲ್ಲೇ ಹುಟ್ಟಿ ಬೆಳೆದ ಶೀಲಾ ಚಂದ್ರ, ‘ಮನ್ಸೂನ್’ ಎಂಬ ತಂಡದೊಡನೆ ಹಾಡಿದ ‘ಎವರ್ ಸೋ ಲೋನ್ಲಿ’ ೧೯೮೨ರಲ್ಲಿ ೧೨ನೆಯ ಸ್ಥಾನದವರೆಗೆ ಏರಿತು. ಮರುವರ್ಷ ಬ್ರಿಟನ್ನಿನಲ್ಲಿ ಅತ್ಯಧಿಕ ಮಾರಾಟವಾದ ಸಿಂಗಲ್ ‘ಕಲ್ಚರ್ ಕ್ಲಬ್’ ತಂಡದ್ದು. ಅದರ ಹೆಸರು ‘ಕರ್ಮ ಕಮೀಲಿಯನ್’. ಕಮೀಲಿಯನ್ ಎಂದರೆ ಗೋಸುಂಬೆ. ಮೊದಲ ಪದಕ್ಕೆ ಕನ್ನಡಿಗರಿಗೆ ಅರ್ಥ ಹೇಳಬೇಕಾಗಿಲ್ಲ. ಆರು ವಾರ ಅದು ಅಗ್ರಪೀಠವನ್ನು ಬಿಟ್ಟು ಕದಲಲಿಲ್ಲ.

ಮೇಲಿನ ಮೆಟ್ಟಿಲನ್ನೇ ಮುಟ್ಟದೆ ಗೆದ್ದ ತಟ್ಟೆಯೂ ಉಂಟು. ೧೯೮೩ರ ಮಾರ್ಚಿಯಲ್ಲಿ ‘ನ್ಯೂ ಆರ್ಡರ್’ ಎಂಬ ತಂಡ ‘ಬ್ಲೂ ಮಂಡೇ’ ಎಂಬ ಹಾಡನ್ನು ಹನ್ನೆರಡಂಗುಲದ ತಟ್ಟೆಯಾಗಿ ಹೊರತಂದಿತು. ಅದರ ಹೊದಿಕೆ ಕಂಪ್ಯೂಟರಿನ ಫ್ಲಾಪಿ ಡಿಸ್ಕನ್ನು ಹೋಲುತ್ತಿತ್ತು. ಪಟ್ಟಿಯಲ್ಲಿ ಅದು ಆ ವರ್ಷ ಮುಟ್ಟಿದ ಅತ್ಯುನ್ನತ ಸ್ಥಾನ ಒಂಬತ್ತನೆಯದು, ಅದೂ ಅಕ್ಟೋಬರ್ ತಿಂಗಳಿನಲ್ಲಿ. ಇತರ ಹಾಡುಗಳು ಬಂದು ಮೆರೆದು ಮರೆಯಾಗುತ್ತಿದ್ದಾಗ ಇದು ವಾರದಿಂದ ವಾರಕ್ಕೆ ಸದ್ದಿಲ್ಲದೆ ಹೋಗುತ್ತಲೇ ಇತ್ತು. ಬ್ರಿಟನ್ನಿನ ಹನ್ನೆರಡಂಗುಲದ ಸಿಂಗಲ್‌ಗಳಲ್ಲೆಲ್ಲ ಹೆಚ್ಚು ಮಾರಾಟವಾದ ತಟ್ಟೆಯೆಂಬ ಕೀರ್ತಿ ಕೊನೆಗೆ ಅದಕ್ಕೇ ಸಂದಿತು. ಐದು ಲಕ್ಷ ಪ್ರತಿ ಹೋದ ಸಿಂಗಲ್‌ಗೆ ಚಿನ್ನದ ತಟ್ಟೆಯ ಮರ್ಯಾದೆ ಕೊಡುವುದು ಅಂದಿನ ಕ್ರಮ. ಇದನ್ನು ಹೊರಡಿಸಿದ ಕಂಪನಿಯು ಮರ್ಯಾದೆ ಕೊಡುವ ಸಂಘದ ಸದಸ್ಯನಾಗಿರಲಿಲ್ಲವಾದ್ದರಿಂದ ಆ ಗೌರವವೂ ದೊರೆಯಲಿಲ್ಲ!

* * *

ಎರಡನೆಯ ಸ್ಥಾನದ ಕಥೆಗಳಲ್ಲೆಲ್ಲ ಪ್ರಸಿದ್ಧವಾದದ್ದು ‘ವಿಯೆನ್ನಾ’ ಎಂಬ ಹಾಡಿನದು. ‘ಅಲ್ಟ್ರಾವಾಕ್ಸ್’ ತಂಡದ್ದು, ಹಾಡಿದವರು ಸ್ಕಾಟ್ಲೆಂಡಿನ ಮಿಜ್ ಯೂರ್. ನಿಧಾನ ಗತಿಯ, ಗಂಭೀರ ಧಾಟಿಯ ರಚನೆ. ೧೯೮೧ರ ಫೆಬ್ರವರಿಯಲ್ಲಿ ಅದು ಎರಡನೆಯ ಸ್ಥಾನಕ್ಕೆ ಬಂದಾಗ ಮೇಲೆ ಇದ್ದುದು ಲೆನನ್ನರ ‘ವುಮನ್’. ಅಗಲಿದವರ ಎದುರು ಸೋಲುವುದರಲ್ಲಿ ಅವಮಾನವಿಲ್ಲ. ಮುಂದಿನ ವಾರ ಪೀಠ ತೆರವಾಯಿತು. ಅದನ್ನೇರಿದ್ದು ಮಾತ್ರ ‘ವಿಯೆನ್ನಾ’ ಅಲ್ಲ, ಜೋ ಡಾಲ್ಚೆ ಎಂಬವರು ಇಟಲಿಯವರ ಇಂಗ್ಲಿಷ್ ಉಚ್ಚಾರಣೆಯನ್ನು ಅನುಕರಿಸಿ ಹಾಡಿದ ‘ಷಡಪ್ ಯು ಫೇಸ್’ ಎಂಬ ಒಂದು ನಗೆಹಾಡು. ಮೂರು ವಾರ ನಗೆಹಾಡು ಮೇಲೆ, ಗಂಭೀರ ಗೀತೆ ಅದರ ಕೆಳಗೆ. ಒಟ್ಟು ನಾಲ್ಕು ವಾರ ಎರಡನೆಯ ಮೆಟ್ಟಿಲಿನಲ್ಲಿ ನಿಂತ ‘ವಿಯೆನ್ನಾ’ ಕೊನೆಗೂ ಮೇಲೇರದೆ ಕೆಳಗಿಳಿಯಿತು.

ಆ ವರ್ಷದ ಒಟ್ಟು ಮಾರಾಟವನ್ನು ಕೂಡಿಸಿದಾಗ ‘ವಿಯೆನ್ನಾ’ ಮೊದಲ ಹತ್ತರೊಳಗಿತ್ತು. ಲೆಕ್ಕ ತಪ್ಪಿರಲಿಲ್ಲ; ನಗೆಹಾಡನ್ನು ಆ ಮೂರು ವಾರ ಜನ ನಿಜವಾಗಿಯೇ ಮುಗಿಬಿದ್ದು ಕೊಂಡಿದ್ದರು. ಆದರೂ ಬ್ರಿಟನ್ನಿನ ಸಂಗೀತಪ್ರಿಯರು ಇದನ್ನೊಂದು ಅನ್ಯಾಯವೆಂದೇ ನೆನಪಿಟ್ಟುಕೊಂಡರು. ೨೦೧೩ರ ಆರಂಭದಲ್ಲಿ, ಎಂದೂ ಎರಡನೆಯ ಸ್ಥಾನವನ್ನು ದಾಟದ ಹಾಡುಗಳಲ್ಲಿ ತಮಗೆ ಅತ್ಯಂತ ಪ್ರಿಯವಾದುದು ಯಾವುದೆಂದು ಕೇಳಿದಾಗ ಶ್ರೋತೃಗಳು ‘ವಿಯೆನ್ನಾ’ವನ್ನೇ ಆರಿಸಿದರು, ಅದಕ್ಕೆ ಗೌರವದ ಅಗ್ರಸ್ಥಾನವೊಂದನ್ನು ನೀಡಲಾಯಿತು.

ಅದಕ್ಕೆ ಬಹಳ ಮೊದಲೇ ಮಿಜ್ ಯೂರ್ ಇನ್ನೊಂದು ದಾರಿಯಿಂದ ಮೇಲಕ್ಕೆ ಬಂದಿದ್ದರು. ೧೯೮೪ರ ಅಕ್ಟೋಬರಿನಲ್ಲಿ ಇಥಿಯೋಪಿಯಾದ ಭೀಕರ ಕ್ಷಾಮದ ವರದಿಯನ್ನು ಬಿ.ಬಿ.ಸಿ. ಬಿತ್ತರಿಸಿತು. ಎಲುಬಿನ ಗೂಡಾಗಿದ್ದ ಮಕ್ಕಳನ್ನು ಪರದೆಯ ಮೇಲೆ ಕಂಡು ಮನಕಲಕಿದ ಗಾಯಕ ಬಾಬ್ ಗೆಲ್ಡಾಫ್, ಮಿಜ್ ಯೂರ್ ಅವರ ಜೊತೆಗೂಡಿ ‘ಡೂ ದೇ ನೋ ಇಟ್ಸ್ ಕ್ರಿಸ್‌ಮಸ್?’ ಎಂಬ ಹಾಡನ್ನು ರಚಿಸಿದರು. ನವೆಂಬರ್ ೨೫ರಂದು ಲಂಡನ್ನಿನ ಒಂದು ಧ್ವನಿಮುದ್ರಣ ಶಾಲೆಯಲ್ಲಿ, ಪಟ್ಟಿಯಲ್ಲಿ ಪರಸ್ಪರ ಕಾಲೆಳೆಯುತ್ತಿದ್ದ ಗಾಯಕರೆಲ್ಲ ಒಂದೇ ಮೈಕಿನ ಮುಂದೆ ನಿಂತರು. ‘ಬ್ಯಾಂಡ್ ಏಯ್ಡ್’ ಎಂಬ ಹೆಸರಿನಲ್ಲಿ ಡಿಸೆಂಬರಿನಲ್ಲಿ ಹೊರಬಂದ ಆ ತಟ್ಟೆ ಮೊದಲ ವಾರದಲ್ಲೇ ಹತ್ತು ಲಕ್ಷ ಹೋಯಿತು. ಐದು ವಾರ ಅಗ್ರಪೀಠದಲ್ಲಿ ನಿಂತಿತು. ಒಟ್ಟು ಮಾರಾಟ ಮೂವತ್ತು ಲಕ್ಷವನ್ನು ದಾಟಿತು. ೧೯೭೭ರಿಂದ ಇಪ್ಪತ್ತು ಲಕ್ಷದ ದಾಖಲೆ ಹೊಂದಿದ್ದ ‘ಮಲ್ ಆಫ್ ಕಿನ್‌ಟೈರ್’ ಹಿಂದೆ ಬಿತ್ತು. ತಟ್ಟೆಯ ಮೇಲಿನ ತೆರಿಗೆಯನ್ನು ಬಿಡಲಾಗದೆಂದು ಮೊದಲು ಪಟ್ಟು ಹಿಡಿದ ಸರಕಾರವೂ ಜನಾಭಿಪ್ರಾಯಕ್ಕೆ ಮಣಿದು, ಆ ಮೊತ್ತವನ್ನು ಕ್ಷಾಮ ಪರಿಹಾರಕ್ಕೆ ಹಿಂದಿರುಗಿಸಿತು. ಇಲ್ಲಿಯೂ ಒಬ್ಬೊಬ್ಬರು ಎರಡು ಮೂರು ಪ್ರತಿ ಕೊಂಡದ್ದುಂಟು. ಈ ಬಾರಿ ಯಾವ ವ್ಯಾಪಾರದ ಜಾಣತನವೂ ಅವರನ್ನು ಕೊಳ್ಳಿಸಿರಲಿಲ್ಲ.

ಆ ಐದೂ ವಾರ ಎರಡನೆಯ ಸ್ಥಾನದಲ್ಲಿ ನಿಂತಿದ್ದುದು ‘ವ್ಯಾಮ್’ ಜೋಡಿಯ ‘ಲಾಸ್ಟ್ ಕ್ರಿಸ್‌ಮಸ್’. ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಗಿಯೂ ಅದಕ್ಕೆ ಅಗ್ರಸ್ಥಾನದ ಯೋಗವಿರಲಿಲ್ಲ. ಅದನ್ನು ಬರೆದು ಹಾಡಿದ ಜಾರ್ಜ್ ಮೈಕೇಲ್ ಬ್ಯಾಂಡ್ ಏಯ್ಡ್ ಹಾಡಿನಲ್ಲಿಯೂ ದನಿಗೂಡಿಸಿದ್ದರು. ತಮ್ಮ ಹಾಡನ್ನು ತಡೆದು ನಿಲ್ಲಿಸಿದ ಹಾಡಿನಲ್ಲಿ ತಮ್ಮದೇ ಕಂಠ! ಅಷ್ಟೇ ಅಲ್ಲ, ಸೋತ ಹಾಡಿನ ತಮ್ಮ ಸಂಭಾವನೆಯನ್ನೂ ವ್ಯಾಮ್ ಜೋಡಿ ಇಥಿಯೋಪಿಯಾದ ಕ್ಷಾಮ ನಿಧಿಗೇ ಅರ್ಪಿಸಿತು. ಆ ಚಳಿಗಾಲದಲ್ಲಿ ಮೊದಲನೆಯ ತಟ್ಟೆಯನ್ನು ಕೊಂಡವರ ಹಣವೂ ಎರಡನೆಯದನ್ನು ಕೊಂಡವರ ಹಣವೂ ಹಸಿದ ಹೊಟ್ಟೆಗಳತ್ತಲೇ ಹರಿಯಿತು.

* * *

ಕಾಲ ಉರುಳಿದಂತೆ ಎಣಿಕೆಯ ವಿಧಾನವೂ ಬದಲಾಯಿತು. ೧೯೮೭ರ ವೇಳೆಗೆ ತಟ್ಟೆಯ ಹೊದಿಕೆಯ ಮೇಲಿನ ಬಾರ್‌ಕೋಡ್ ಗೆರೆಗಳನ್ನು ಯಂತ್ರವೇ ಓದತೊಡಗಿತು. ಲೆಕ್ಕ ಕೊಡುವ ಅಂಗಡಿಗಳು ಸುಮಾರು ೫೦೦ಕ್ಕೆ ಏರಿದವು. ಇಪ್ಪತ್ತೊಂದನೆಯ ಶತಮಾನದಲ್ಲಿ ಅಂತರಜಾಲದಿಂದ ಇಳಿಸಿಕೊಂಡ ಹಾಡುಗಳು ಲೆಕ್ಕಕ್ಕೆ ಬಂದವು. ೨೦೧೪ರಿಂದ, ಕೊಳ್ಳದೆ ಅಂತರಜಾಲದಲ್ಲಿ ಕೇಳಿದ ಹಾಡುಗಳೂ ಸೇರಿದವು. ಕೊಂಡ ತಟ್ಟೆ ಒಂದು ಸಲ ಮಾತ್ರ ಎಣಿಕೆಗೆ ಸಿಗುತ್ತಿತ್ತು. ಈಗ ಮತ್ತೆ ಮತ್ತೆ ಕೇಳಿದ್ದೂ ಎಣಿಕೆಗೆ ಸಿಗುತ್ತದೆ. ಈ ಹೊಸ ಕ್ರಮದಲ್ಲಿ ಪ್ರತಿ ಡಿಸೆಂಬರಿನಲ್ಲಿಯೂ ಹಳೆಯ ಪ್ರೀತಿಯೊಂದು ಮೇಲೆದ್ದು ಬರತೊಡಗಿತು. ೨೦೨೧ರ ಜನವರಿ ೧ರ ಪಟ್ಟಿಯಲ್ಲಿ ‘ಲಾಸ್ಟ್ ಕ್ರಿಸ್‌ಮಸ್’ ಅಗ್ರಪೀಠವನ್ನೇರಿತು. ೨೦೨೩ರಲ್ಲಿ ಕ್ರಿಸ್‌ಮಸ್ ವಾರದ ಅಗ್ರಸ್ಥಾನವನ್ನೂ ಪಡೆಯಿತು. ಅದನ್ನು ಕಾಣಲು ಜಾರ್ಜ್ ಮೈಕೇಲ್ ಇರಲಿಲ್ಲ. ೨೦೧೬ರ ಕ್ರಿಸ್‌ಮಸ್ ದಿನವೇ ಅವರು ತೀರಿಕೊಂಡಿದ್ದರು.

ವಾರದ ಪಟ್ಟಿ ಎನ್ನುವುದು ಹೊಳೆಯ ದಂಡೆಯಲ್ಲಿ ನೆಟ್ಟ ಅಳತೆಯ ಕಂಬದಂತೆ. ಈ ಹೊತ್ತು ನೀರು ಎಷ್ಟು ಎತ್ತರ ಬಂದಿದೆಯೆಂಬುದನ್ನು ಅದು ಸತ್ಯವಾಗಿಯೇ ತೋರಿಸೀತು. ಬೇಸಗೆಯಲ್ಲಿಯೂ ಬತ್ತದೆ ಹರಿಯುವ ಹೊಳೆ ಯಾವುದು ಎಂಬುದನ್ನು ಕಂಬದಿಂದ ತಿಳಿಯಲಾಗದು. ಅದಕ್ಕೆ ಹಲವು ಬೇಸಗೆಗಳೇ ಕಳೆಯಬೇಕು.